ಕೆಳನೂಲಿನ ಲೆಕ್ಕ

ಅಕ್ಕಿ ಮೂಟೆಯ ಬಾಯಿ ಬಿಚ್ಚಲು ಕತ್ತರಿ ಬೇಕಿಲ್ಲ. ಹೊಲಿಗೆಯ ಸರಿಯಾದ ಕೊನೆ ಸಿಕ್ಕಿದರೆ ಸಾಕು, ಒಂದೇ ಎಳೆತಕ್ಕೆ ಸರ್ರನೆ ಇಡೀ ನೂಲು ಕೈಗೆ ಬರುತ್ತದೆ. ತಪ್ಪು ಕೊನೆ ಹಿಡಿದವರು ಮಾತ್ರ ಜಗ್ಗಿ ಜಗ್ಗಿ ಕೊನೆಗೆ ಅಡುಗೆಮನೆಯ ಚೂರಿ ತರುತ್ತಾರೆ. ಹಟ್ಟಿಯ ಪಶು ಆಹಾರದ ಚೀಲಕ್ಕೂ ಇದೇ ಹೊಲಿಗೆ. ಒಂದು ಕುಣಿಕೆಯೊಳಗೆ ಇನ್ನೊಂದು, ಅದರೊಳಗೆ ಮತ್ತೊಂದು, ಹೀಗೆ ಹೆಣೆದ ಸರಪಳಿ ಅದು. ಕೊನೆಯ ಕುಣಿಕೆ ಜಾರಿತೆಂದರೆ ಸಾಲಿಗೆ ಸಾಲೇ ಜಾರುತ್ತದೆ. ಚೀಲಕ್ಕೆ ಬೇಕಾದದ್ದೂ ಅದೇ. ಆದರೆ ಮದುವೆ ಹಾಲ್‌ನಲ್ಲಿ ಊಟದ ಸಾಲಿನಲ್ಲಿ ನಿಂತಾಗ ರವಿಕೆಯ ಕಂಕುಳು ಹೀಗೆ ಬಿಚ್ಚಿಕೊಂಡರೆ?

ಯಂತ್ರದ ಹೊಲಿಗೆ ಮೊದಲು ಶುರುವಾದದ್ದು ಈ ಸರಪಳಿಯಿಂದಲೇ. ಬಾರ್ತೆಲೆಮಿ ತಿಮೋನಿಯೇ ಎಂಬ ಫ್ರೆಂಚ್ ದರ್ಜಿ 1830ರಲ್ಲಿ ಹಕ್ಕು ಪಡೆದ ಯಂತ್ರದಲ್ಲಿದ್ದದ್ದು ಒಂದೇ ನೂಲು. ಸೈನಿಕರ ಸಮವಸ್ತ್ರ ಹೊಲಿಯಲು ಪ್ಯಾರಿಸ್ಸಿನಲ್ಲಿ ಅವನು ಅಂಥ ಯಂತ್ರಗಳನ್ನು ಸಾಲಾಗಿ ಇಟ್ಟಾಗ, ಹೊಟ್ಟೆಗೆ ಹೊಡೆತ ಬಿತ್ತೆಂದು ಸಿಟ್ಟಾದ ದರ್ಜಿಗಳು ನುಗ್ಗಿ ಎಲ್ಲವನ್ನೂ ಪುಡಿಗಟ್ಟಿದರು. ಎಳೆದರೆ ಬಿಚ್ಚದ ಹೊಲಿಗೆಗೆ ಎರಡು ನೂಲು ಬೇಕಿತ್ತು. 1846ರ ಸೆಪ್ಟೆಂಬರ್ 10ರಂದು ಅಮೆರಿಕದ ಎಲಿಯಾಸ್ ಹೋವ್ ಪೇಟೆಂಟ್ ಪಡೆದ ಯಂತ್ರದಲ್ಲಿ ಸೂಜಿಯ ಕಣ್ಣು ಮೊನೆಯ ಹತ್ತಿರವಿತ್ತು. ಸೂಜಿ ಬಟ್ಟೆಯನ್ನು ತೂರಿದಾಗ ಆಚೆ ಬದಿಯಲ್ಲಿ ಏಳುವ ಕುಣಿಕೆಯೊಳಗಿಂದ ಇನ್ನೊಂದು ನೂಲು ಹೊತ್ತ ಪುಟ್ಟ ಲಾಳಿ ಹಾದುಹೋಗುತ್ತಿತ್ತು.

ಈ ಲಾಳಿ ಮಗ್ಗದಿಂದ ಬಂದದ್ದೆಂದು ನಮ್ಮ ಕಡೆಯವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಮಂಗಳೂರಿನ ಹತ್ತಿರದ ನಮ್ಮ ಬಜಪೆಯಿಂದ ಕಟೀಲು ದಾಟಿ ಕಿನ್ನಿಗೋಳಿಗೆ ಹೋದರೆ ತಾಳಿಪಾಡಿ ನೇಕಾರರ ಸಂಘದಲ್ಲಿ ಇಂದಿಗೂ ಉಡುಪಿ ಸೀರೆ ನೇಯುತ್ತಾರೆ. ಅಲ್ಲಿ ಹಾಸಿನ ನಡುವೆ ಲಾಳಿ ಅತ್ತಿಂದಿತ್ತ ಓಡುವುದನ್ನು ನೋಡಬಹುದು. ಮಂಗಳೂರಿನಲ್ಲಿ ಬಾಸೆಲ್ ಮಿಶನ್‌ನವರು ನೇಯ್ಗೆ ಕಾರ್ಖಾನೆ ತೆರೆದು, ಹಾಲರ್ ಎಂಬ ಜರ್ಮನ್ ನೇಕಾರ ಅಲ್ಲಿ ಕಾಕಿ ಬಣ್ಣ ಹಾಕಿದನೆನ್ನುವ ಕಾಲವೂ ಹತ್ತೊಂಬತ್ತನೆಯ ಶತಮಾನದ ಈ ನಡುಭಾಗವೇ. ಒಂದು ಕಡೆ ಲಾಳಿ ಬಟ್ಟೆಯನ್ನು ನೇಯುತ್ತಿತ್ತು, ಇನ್ನೊಂದು ಕಡೆ ನೇಯ್ದ ಬಟ್ಟೆಯನ್ನು ಜೋಡಿಸಲು ಕಲಿಯುತ್ತಿತ್ತು.

ಲಾಳಿಗೊಂದು ತೊಂದರೆ ಇದೆ. ಅದು ಹೋಗಬೇಕು, ನಿಲ್ಲಬೇಕು, ತಿರುಗಿ ಬರಬೇಕು. ವೇಗ ಹೆಚ್ಚಿದಷ್ಟೂ ಈ ನಿಲ್ಲುವ ಕೆಲಸ ಯಂತ್ರವನ್ನೇ ಅಲುಗಾಡಿಸುತ್ತದೆ. ಆಲನ್ ವಿಲ್ಸನ್ ಎಂಬ ಇನ್ನೊಬ್ಬ ಅಮೆರಿಕನ್ ಲಾಳಿಯ ಹಕ್ಕಿನ ತಗಾದೆಯಲ್ಲಿ ಸಿಕ್ಕಿಕೊಂಡಿದ್ದ. ಅದರಿಂದ ತಪ್ಪಿಸಿಕೊಳ್ಳಲು ಲಾಳಿಯ ಗೊಡವೆಯನ್ನೇ ಬಿಟ್ಟು ಲೆಕ್ಕವನ್ನು ತಿರುಗಿಸಿ ಹಾಕಿದ. ಕೆಳನೂಲು ಕುಣಿಕೆಯೊಳಗೆ ಹಾಯುವುದು ಬೇಡ, ಅದು ಕೂತಲ್ಲೇ ಕೂತಿರಲಿ, ಕುಣಿಕೆಯೇ ಅದರ ಸುತ್ತ ಒಂದು ಸುತ್ತು ಬರಲಿ ಎಂದ. ತಿರುಗುವ ಕೊಕ್ಕೆ, ಕೆಳನೂಲು ಹೊತ್ತು ಕೂತ ಬಾಬಿನ್. 1851ರ ಆಗಸ್ಟ್ 12ರಂದು ಅವನಿಗೆ ಆ ತಿರುಗುವ ಕೊಕ್ಕೆಯ ಪೇಟೆಂಟ್ ಸಿಕ್ಕಿತು. ಐಸಾಕ್ ಸಿಂಗರ್‌ಗೆ ಅವನ ಯಂತ್ರದ ಪೇಟೆಂಟ್ ದೊರೆತದ್ದೂ ಅದೇ ದಿನ. ಹೆಸರು ಉಳಿದದ್ದು ಸಿಂಗರ್‌ನದು. ಇವತ್ತಿನ ಪ್ರತಿ ಮನೆ ಮೆಶಿನಿನ ಹೊಟ್ಟೆಯಲ್ಲಿರುವುದು ಮಾತ್ರ ವಿಲ್ಸನ್‌ನ ಯೋಚನೆ.

ಬಾಬಿನ್‌ನ ಎಲ್ಲ ಕಿರಿಕಿರಿಗೆ ಕಾರಣವೂ ಈ ಯೋಚನೆಯಲ್ಲೇ ಇದೆ. ಮೇಲುನೂಲಿನ ಕುಣಿಕೆ ಪ್ರತಿ ಹೊಲಿಗೆಗೂ ಬಾಬಿನ್ ಮತ್ತು ಅದರ ಡಬ್ಬಿ (ಬಾಬಿನ್ ಕೇಸ್) ಎರಡನ್ನೂ ಪೂರ್ತಿ ಸುತ್ತಿ ಬರಬೇಕು. ಒಂದು ಹೊಲಿಗೆಗೆ ಬೇಕಾದ ನೂಲು ಕೆಲವೇ ಮಿಲಿಮೀಟರ್. ಸುತ್ತಿ ಬರುವ ಕುಣಿಕೆಗೋ ಹಲವು ಸೆಂಟಿಮೀಟರ್. ಕೊಕ್ಕೆ ಅಷ್ಟನ್ನೂ ಕೆಳಕ್ಕೆ ಎಳೆದುಕೊಳ್ಳುತ್ತದೆ, ಮೇಲೆ ಏರಿಳಿಯುವ ಲಿವರ್ ಮಿಕ್ಕದ್ದನ್ನು ಹಿಂದಕ್ಕೆ ಎಳೆಯುತ್ತದೆ. ಹೀಗಾಗಿ ಮೇಲುನೂಲಿನ ಒಂದೇ ಭಾಗ ಬಟ್ಟೆಯಲ್ಲಿ ನೆಲೆ ನಿಲ್ಲುವ ಮೊದಲು ಸೂಜಿಯ ಕಣ್ಣಿನಲ್ಲಿ ಹಲವು ಹತ್ತು ಬಾರಿ ಹಿಂದೆ ಮುಂದೆ ಉಜ್ಜಿಕೊಳ್ಳುತ್ತದೆ. ಬಾಬಿನ್ ದೊಡ್ಡದಾದರೆ ಕುಣಿಕೆಯೂ ದೊಡ್ಡದಾಗಬೇಕು, ಲಿವರಿನ ಜಿಗಿತವೂ ಹೆಚ್ಚಬೇಕು, ನೂಲು ಇನ್ನಷ್ಟು ಸವೆಯಬೇಕು. ಅದಕ್ಕೇ ಮೇಲೆ ಐನೂರು ಮೀಟರಿನ ರೀಲು ರಾಜನಂತೆ ಕೂತಿದ್ದರೂ ಕೆಳಗಿನ ಬಾಬಿನ್‌ಗೆ ಸುಮಾರು ಎರಡು ಸೆಂಟಿಮೀಟರ್ ಅಗಲ ಮೀರುವ ಸ್ವಾತಂತ್ರ್ಯವಿಲ್ಲ. ಅದರಲ್ಲಿ ಹಿಡಿಸುವುದು ಕೆಲವು ಹತ್ತು ಮೀಟರ್ ಮಾತ್ರ. ಹೊಲಿಗೆಯ ನಡುವೆ "ಬಾಬಿನ್ ಖಾಲಿ ಆಂಡ್" ಎಂಬ ಕೂಗು ಏಳುವುದು ಹೊಲಿಯುವವರ ದುರದೃಷ್ಟದಿಂದಲ್ಲ, ಈ ಅಳತೆಯಿಂದ.

ನಮ್ಮ ಮನೆಗಳ ಕಪ್ಪು ಬಣ್ಣದ ಕಾಲು ಮೆಶಿನುಗಳೆಲ್ಲ, ಹೆಸರು ಉಷಾ ಇರಲಿ ಮೆರಿಟ್ ಇರಲಿ, ಬಹುಪಾಲು ಸಿಂಗರ್ ಕಂಪನಿಯ ಹದಿನೈದನೆಯ ಮಾದರಿಯ ವಂಶದವು. ಕೊಕ್ಕೆ ಪೂರ್ತಿ ಸುತ್ತದೆ ಅರ್ಧ ಸುತ್ತಿ ಮರಳುವ ವಿನ್ಯಾಸ ಅದು. 1870ರ ದಶಕದ ಕೊನೆಗೆ ಬಂತು. ಉಷಾ ಮೆಶಿನ್ 1930ರ ದಶಕದಲ್ಲಿ ಕಲ್ಕತ್ತದ ಜಯ್ ಎಂಜಿನಿಯರಿಂಗ್ ವರ್ಕ್ಸ್‌ನಲ್ಲಿ ಹುಟ್ಟಿತು. ಅದನ್ನು ತಯಾರಿಸಿದ ಬಿಶನ್ ದಾಸ್ ಬಸಿಲ್ ತಮ್ಮ ಮಗಳ ಹೆಸರನ್ನೇ ಇಟ್ಟರು. ಯಂತ್ರಗಳನ್ನು ಅಷ್ಟಾಗಿ ಒಪ್ಪದ ಗಾಂಧೀಜಿ 1924ರಲ್ಲಿ ಹೊಲಿಗೆ ಯಂತ್ರಕ್ಕೆ ವಿನಾಯಿತಿ ಕೊಟ್ಟರು. ಹೆಂಡತಿ ಕೈಯಲ್ಲಿ ಹೊಲಿದು ದಣಿಯುವುದನ್ನು ನೋಡಲಾಗದೆ ಸಿಂಗರ್ ಇದನ್ನು ಕಂಡುಹಿಡಿದನೆಂದು ಅವರು ನಂಬಿದ್ದರು. ಹಲವು ಸಂಸಾರ ಹೂಡಿ ಎರಡು ಡಜನ್ ಮಕ್ಕಳ ತಂದೆಯಾದ ಆ ಮಹಾಶಯನ ಕಥೆಯನ್ನು ಯಾರೋ ಬೆಲ್ಲ ಬೆರೆಸಿಯೇ ಅವರಿಗೆ ಹೇಳಿರಬೇಕು.

ಬಜಪೆಯಲ್ಲಿ ಇನ್ನೊಂದು ಬಗೆಯ ಮೆಶಿನೂ ಕಾಣಸಿಗುತ್ತದೆ. 1951ರ ಡಿಸೆಂಬರಿನಲ್ಲಿ ನೆಹರೂ ಬಂದಿಳಿದು ಶುರುವಾದ ವಿಮಾನ ನಿಲ್ದಾಣ ಈ ಊರಿನ ಹೆಸರಿನಲ್ಲೇ ಬೆಳೆಯಿತು. ಬಹಳ ವರ್ಷ ಮುಂಬೈ ಸುತ್ತಿ ಗಲ್ಫಿಗೆ ಹೋಗುತ್ತಿದ್ದವರು 2006ರಿಂದ ಇಲ್ಲಿಂದಲೇ ದುಬೈಗೆ ಹಾರಿದರು. ಗಲ್ಫ್‌ನವರ ಪೆಟ್ಟಿಗೆಯಲ್ಲಿ ಬಂದದ್ದೋ, ಈಗ ಆನ್‌ಲೈನಿನಲ್ಲಿ ತರಿಸಿದ್ದೋ, ಬಿಳಿ ಪ್ಲಾಸ್ಟಿಕ್ ಮೈಯ ಕರೆಂಟ್ ಮೆಶಿನ್ ಎಷ್ಟೋ ಮನೆಗಳ ಮೇಜಿನ ಮೇಲಿದೆ. ಅಜ್ಜಿಯ ಮೆಶಿನಿನಲ್ಲಿ ಬಾಬಿನ್ ಬದಿಯಿಂದ ನಿಂತು ಒಳಹೋಗುತ್ತದೆ. ಇದರಲ್ಲಿ ಮೇಲಿನಿಂದ ಮಲಗಿಕೊಂಡು ಇಳಿಯುತ್ತದೆ. ಸುತ್ತುವ ನಿಯಮ ಎರಡಕ್ಕೂ ಒಂದೇ.

ಸುತ್ತುವ ಕೆಲಸವನ್ನು ಮನೆಗಳಲ್ಲಿ ಮಕ್ಕಳಿಗೆ ಕೊಡುವುದು ವಾಡಿಕೆ. "ಬಾಬಿನ್ ಸುತ್ತಿ ಕೊಡು ಮಗಾ" ಎಂದು ಅಮ್ಮ ಕೂಗುವುದರ ಹಿಂದೆ ಒಂದು ಜಾಣತನವೂ ಇದೆ. ಗಾಲಿಯ ಮಧ್ಯದ ತಿರುಪನ್ನು ಸಡಿಲ ಮಾಡಿದರೆ ಗಾಲಿ ತಿರುಗಿದರೂ ಸೂಜಿ ಅಲುಗುವುದಿಲ್ಲ. ಬೆರಳಿಗೆ ಸೂಜಿ ಚುಚ್ಚುವ ಭಯವಿಲ್ಲದೆ ಮಗು ಪೆಡಲಿನ ತಾಳ ಕಲಿಯುತ್ತದೆ. ಕಾಲು ಮೆಶಿನಿನ ದೊಡ್ಡ ವಿದ್ಯೆ ಅದೇ. ಪಾದದ ತಾಳ ತಪ್ಪಿದರೆ ಗಾಲಿ ಹಿಂದಕ್ಕೆ ತಿರುಗುತ್ತದೆ, ಹೊಲಿಯುವಾಗ ಹಾಗಾದರೆ ಕೊಕ್ಕೆಯಲ್ಲಿ ನೂಲು ಸಿಕ್ಕಿಕೊಂಡಿತೆಂದೇ ಅರ್ಥ.

ರೀಲಿನಿಂದ ಬಂದ ನೂಲು ನೇರವಾಗಿ ಬಾಬಿನ್‌ಗೆ ಹೋಗಬಾರದು. ಕಾಲು ಮೆಶಿನಿನ ಬಲಬದಿಯಲ್ಲಿ ಕೆಳಗೊಂದು ಪುಟ್ಟ ಟೆನ್ಷನ್ ಬಿಲ್ಲೆ ಇರುತ್ತದೆ. ನೂಲು ಅದರ ನಡುವೆ ಹಾಯಬೇಕು. ಇದನ್ನು ಬಿಟ್ಟು ಬೆರಳಲ್ಲಿ ಹಿಡಿದು ಸುತ್ತುವವರೇ ಹೆಚ್ಚು, ಆಮೇಲೆ ಹೊಲಿಗೆ ಒಂದು ಕಡೆ ಬಿಗಿ, ಒಂದು ಕಡೆ ಸಡಿಲ ಎಂದು ಮೆಶಿನನ್ನು ಬಯ್ಯುವವರೂ ಅವರೇ. ನೂಲಿನ ತುದಿಯನ್ನು ಬಾಬಿನ್ ತೂತಿನಲ್ಲಿ ಒಳಗಿನಿಂದ ಹೊರಕ್ಕೆ ತೂರಿಸಿ, ಬಾಬಿನನ್ನು ಕಡ್ಡಿಗೆ ಸಿಕ್ಕಿಸಿ, ರಬ್ಬರ್ ರಿಂಗು ಗಾಲಿಗೆ ತಾಗುವಂತೆ ಒತ್ತಿ, ತುದಿ ಹಿಡಿದುಕೊಂಡೇ ನಾಲ್ಕು ಸುತ್ತು ಸುತ್ತಬೇಕು. ಆಮೇಲೆ ಆ ತುದಿಯನ್ನು ಬುಡಕ್ಕೇ ಕತ್ತರಿಸಬೇಕು. ಕತ್ತರಿಸದೆ ಬಿಟ್ಟ ತುದಿ ಡಬ್ಬಿಯೊಳಗೆ ಹೋಗಿ ಸುತ್ತಿಕೊಳ್ಳುತ್ತದೆ, ಅದು ಕಣ್ಣಿಗೂ ಕಾಣುವುದಿಲ್ಲ.

ರಬ್ಬರ್ ರಿಂಗಿನ ಬಗ್ಗೆ ಯಾರಿಗೂ ಗಮನವಿರುವುದಿಲ್ಲ. ವರ್ಷಗಳು ಕಳೆದಂತೆ ಅದು ಗಟ್ಟಿಯಾಗಿ ಜಾರುತ್ತದೆ, ಬಾಬಿನ್ ನಿಧಾನವಾಗಿ ನಿಂತು ನಿಂತು ಸುತ್ತುತ್ತದೆ. ಹೊಸ ರಿಂಗಿಗೆ ಖರ್ಚು ಚಿಲ್ಲರೆ ಕಾಸು. ಅದನ್ನು ಹಾಕಿಸುವ ಬದಲು "ಮೆಶಿನಿಗೆ ವಯಸ್ಸಾಯ್ತು" ಎಂದು ಮೂಲೆಗೆ ತಳ್ಳುವವರಿದ್ದಾರೆ.

ಇನ್ನು ವೇಗ. ಬಾಬಿನ್ ಸುತ್ತುವಾಗ ಕರೆಂಟ್ ಮೆಶಿನ್ ಇರುವವರು ಪೆಡಲನ್ನು ಪೂರ್ತಿ ಒತ್ತಿಬಿಡುತ್ತಾರೆ. ಹತ್ತಿಯ ನೂಲಾದರೆ ಹೇಗೋ ನಡೆದೀತು. ಈಗ ಅಂಗಡಿಯಲ್ಲಿ ಸಿಗುವುದು ಬಹುಪಾಲು ಪಾಲಿಯೆಸ್ಟರ್. ಅದು ಎಳೆದರೆ ಹಿಗ್ಗುವ ನೂಲು. ರಭಸದಲ್ಲಿ ಸುತ್ತಿದರೆ ಹಿಗ್ಗಿದ ಸ್ಥಿತಿಯಲ್ಲೇ ಬಾಬಿನ್ ಮೇಲೆ ಕೂರುತ್ತದೆ. ಹೊಲಿದು ಮುಗಿದ ಮೇಲೆ ಬಟ್ಟೆಯೊಳಗೆ ಮೆಲ್ಲಗೆ ತನ್ನ ಮೂಲ ಅಳತೆಗೆ ಕುಗ್ಗುತ್ತದೆ, ಅದರ ಜೊತೆ ಬಟ್ಟೆಯೂ ಮುದುಡುತ್ತದೆ. ಇಸ್ತ್ರಿ ಹಾಕಿದಷ್ಟೂ ಮತ್ತೆ ನೆರಿಗೆ ಏಳುವ ರವಿಕೆಯ ಅಂಚಿಗೆ ಎಷ್ಟೋ ಬಾರಿ ಇದೇ ಕಾರಣ. ಟೈಲರ್ ಬಟ್ಟೆಯನ್ನು ದೂರುತ್ತಾನೆ, ಬಟ್ಟೆ ಅಂಗಡಿಯವರು ಟೈಲರನ್ನು ದೂರುತ್ತಾರೆ.

ಬಾಬಿನನ್ನು ಕಂಠಮಟ್ಟ ತುಂಬಬಾರದು. ಅಂಚಿಗಿಂತ ಒಂದು ಕೂದಲೆಳೆ ಒಳಗೇ ನಿಲ್ಲಿಸಬೇಕು. ಉಬ್ಬಿದ ನೂಲು ಡಬ್ಬಿಯ ಗೋಡೆಗೆ ಒರೆಸಿಕೊಂಡು ತಿರುಗಲು ಕಷ್ಟಪಡುತ್ತದೆ. ನಮ್ಮ ಮನೆಗಳ ಉಳಿತಾಯ ಬುದ್ಧಿಯ ಇನ್ನೊಂದು ಕೆಲಸವೆಂದರೆ ಉಳಿದ ಕೆಂಪು ನೂಲಿನ ಮೇಲೆಯೇ ಹಸಿರು ನೂಲು ಸುತ್ತುವುದು. ಎರಡು ರೂಪಾಯಿಯ ನೂಲು ಉಳಿಯಿತು ನಿಜ. ಆದರೆ ಒಳಗೆ ಮೂಡಿದ ಏರುತಗ್ಗಿನಿಂದ ಮೇಲಿನ ನೂಲು ಒಮ್ಮೆ ಬಿಗಿಯಾಗಿ, ಒಮ್ಮೆ ಸಡಿಲವಾಗಿ ಬಿಚ್ಚಿಕೊಳ್ಳುತ್ತದೆ. ಬಾಬಿನ್ ಬೆಲೆ ಚಹಾಕ್ಕಿಂತ ಹೆಚ್ಚಿಲ್ಲ. ಬಣ್ಣಕ್ಕೊಂದರಂತೆ ಹತ್ತು ಹನ್ನೆರಡು ಇಟ್ಟುಕೊಂಡರೆ ಈ ತಾಪತ್ರಯವೇ ಇಲ್ಲ. ಜಿಲ್ಲೆಯಲ್ಲಿ ಆಗಾಗ ಹೊಲಿಗೆ ಯಂತ್ರ ವಿತರಣೆ ನಡೆಯುತ್ತದೆ, ಶಾಲು ಹೊದಿಸಿದವರ ಫೋಟೋ ಪೇಪರಿನಲ್ಲಿ ಬರುತ್ತದೆ. ಕೇಂದ್ರದ ವಿಶ್ವಕರ್ಮ ಯೋಜನೆ 2023ರಲ್ಲಿ ಶುರುವಾದ ಮೇಲೆ ದರ್ಜಿಗಳಿಗೆ ಸಲಕರಣೆಗೆಂದು 15,000 ರೂಪಾಯಿವರೆಗಿನ ನೆರವೂ ಉಂಟು. ಯಂತ್ರದ ಜೊತೆ ಒಂದು ಡಜನ್ ಬಾಬಿನ್, ಇನ್ನೊಂದು ಬಾಬಿನ್ ಕೇಸ್, ಒಂದು ಬಾಟಲಿ ಎಣ್ಣೆ ಕೊಡುವ ದಾನಿ ಸಿಕ್ಕರೆ ಆ ಫೋಟೋವನ್ನು ನಾನು ಖುಷಿಯಿಂದ ನೋಡುತ್ತೇನೆ.

ಎಣ್ಣೆಯ ಮಾತು ಬಂತು. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಊರು ನಮ್ಮದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕಬ್ಬಿಣದ ಯಾವ ವಸ್ತುವಿಗೂ ನೆಮ್ಮದಿಯಿಲ್ಲ. ಮೆರುಗು ಹೋದ ಉಕ್ಕಿನ ಬಾಬಿನ್ ಅಂಚಿಗೆ ತುಕ್ಕು ಹಿಡಿದರೆ ಬೆರಳಿಗೆ ತಿಳಿಯದಷ್ಟು ಸಣ್ಣ ಮುಳ್ಳು ಏಳುತ್ತದೆ, ನೂಲು ಅದಕ್ಕೆ ತೊಡರಿ ಕಡಿಯುತ್ತದೆ. ಅಂಥ ಬಾಬಿನನ್ನು ಉಜ್ಜಿ ಉಳಿಸುವ ಗೋಜು ಬೇಡ, ಎಸೆಯಿರಿ. ಕಾಲು ಮೆಶಿನಿನ ಚರ್ಮದ ಬೆಲ್ಟ್ ಈ ತಿಂಗಳುಗಳಲ್ಲಿ ತೇವಕ್ಕೆ ಸಡಿಲವಾಗುತ್ತದೆ. ಒಂದು ತುಂಡು ಕತ್ತರಿಸಿ ಮತ್ತೆ ಕೊಂಡಿ ಹಾಕಬೇಕಾಗುತ್ತದೆ. ಮೆಶಿನ್ ಎಣ್ಣೆ ಮುಗಿದಿದೆಯೆಂದು ಕರಾವಳಿಯ ಮನೆಯಲ್ಲಿ ಯಾವಾಗಲೂ ಇರುವ ತೆಂಗಿನೆಣ್ಣೆಯನ್ನು ಬಿಟ್ಟರೆ ಅಂದಿಗೆ ಮೆಶಿನ್ ಹಗುರಾಗಿಯೇ ಓಡುತ್ತದೆ. ಡಿಸೆಂಬರಿನ ತಂಪು ಬೆಳಿಗ್ಗೆ ಆ ಎಣ್ಣೆ ಕೊಕ್ಕೆಯ ಸಂದಿನಲ್ಲಿ ಹೆಪ್ಪುಗಟ್ಟುತ್ತದೆ, ಕ್ರಮೇಣ ನೂಲಿನ ಧೂಳು ಸೇರಿ ಅಂಟಾಗಿ ಕೊಕ್ಕೆಯನ್ನೇ ಹಿಡಿದು ನಿಲ್ಲಿಸುತ್ತದೆ.

ಸುತ್ತಿದ್ದಾಯಿತು, ಹಾಕುವುದು ಹೇಗೆ? ನಿಂತ ಬಾಬಿನ್‌ನ ಹಳೆಯ ಮೆಶಿನಿನಲ್ಲಿ ಮೊದಲು ಗಾಲಿ ತಿರುಗಿಸಿ ಸೂಜಿಯನ್ನು ಪೂರ್ತಿ ಮೇಲಕ್ಕೆ ತರಬೇಕು. ಬಾಬಿನ್ ಕೇಸನ್ನು (ಕೆಲವರು ಇದನ್ನೇ ಶಟಲ್ ಎನ್ನುತ್ತಾರೆ) ತೆರೆದ ಬಾಯಿ ನಮ್ಮ ಕಡೆ ಬರುವಂತೆ ಎಡಗೈಯಲ್ಲಿ ಹಿಡಿದು, ನೂಲು ಎಳೆದಾಗ ಬಾಬಿನ್ ಪ್ರದಕ್ಷಿಣೆಯಾಗಿ ತಿರುಗುವಂತೆ ಅದರೊಳಗೆ ಇಡಬೇಕು. ಆಮೇಲೆ ನೂಲನ್ನು ಅಂಚಿನ ಸೀಳಿನೊಳಗೆ ಎಳೆದು, ಮೇಲಿನ ತಗಡಿನ ಸ್ಪ್ರಿಂಗಿನ ಅಡಿಯಲ್ಲಿ ಜಾರಿಸಿ, ತುದಿಯ ಕಿಂಡಿಯಿಂದ ಹೊರತರಬೇಕು. ದಿಕ್ಕಿನ ಬಗ್ಗೆ ಇಷ್ಟು ಹಟ ಯಾಕೆಂದರೆ, ಸರಿಯಾಗಿಟ್ಟಾಗ ನೂಲು ಸೀಳಿನ ಬಳಿ ಹಿಂದಕ್ಕೆ ಮಡಚಿಕೊಂಡು ತಿರುಗುತ್ತದೆ. ಆ ಮಡಿಕೆಯಿಂದಾಗಿ ಅದು ಸ್ಪ್ರಿಂಗಿನ ಅಡಿಯಿಂದ ತಪ್ಪಿಸಿಕೊಳ್ಳುವುದಿಲ್ಲ. ಬಿಳಿ ಮೆಶಿನುಗಳಲ್ಲಿ ಮಲಗಿದ ಬಾಬಿನ್ ಬಹುಪಾಲು ಅಪ್ರದಕ್ಷಿಣೆಯಾಗಿ ತಿರುಗಬೇಕು. ಒಂದೇ ಮನೆಯಲ್ಲಿ ಎರಡೂ ಇದ್ದರೆ ಅತ್ತೆ ಸೊಸೆಯರ ನಡುವೆ ವಾದ ಬರುವುದು ಸಹಜ. ಇಬ್ಬರೂ ಸರಿ.

ಕೇಸಿನ ಬೆನ್ನಿಗೆ ಒಂದು ಚಿಲಕವಿದೆ. ಅದನ್ನು ಎತ್ತಿ ಹಿಡಿದಾಗ ಬಾಬಿನ್ ಉದುರುವುದಿಲ್ಲ. ಹಾಗೆ ಹಿಡಿದೇ ಒಳಗಿನ ಕಡ್ಡಿಗೆ ಕೇಸನ್ನು ತಳ್ಳಿ ಚಿಲಕ ಬಿಡಬೇಕು. ಆಗ 'ಟಕ್' ಎಂಬ ಸದ್ದು ಕೇಳಬೇಕು. ಕೇಸಿನಿಂದ ಚಾಚಿದ ಬೆರಳಿನಂಥ ತುಂಡು ಮೇಲ್ಭಾಗದ ಕಚ್ಚಿನಲ್ಲಿ ಕೂತಿರಬೇಕು. ಕೊಕ್ಕೆ ತಿರುಗುವಾಗ ಕೇಸೂ ಅದರ ಜೊತೆ ತಿರುಗದಂತೆ ತಡೆಯುವುದು ಆ ಬೆರಳೇ. ಆದರೆ ಅದು ಕಚ್ಚಿಗೆ ಅಂಟಿಕೊಂಡಿರಬಾರದು, ಪ್ರತಿ ಹೊಲಿಗೆಯ ಕುಣಿಕೆ ಜಾರಿಹೋಗುವಷ್ಟು ಸಂದು ಅಲ್ಲಿ ಬೇಕು. ಇಡೀ ಯಂತ್ರದಲ್ಲಿ ನನಗೆ ತುಂಬ ಇಷ್ಟವಾದ ಜಾಗ ಇದು. ಬಾಬಿನ್ ಕೇಸ್ ಯಾವುದಕ್ಕೂ ಬಿಗಿಯಾಗಿ ಕಟ್ಟಿಹಾಕಿದ್ದಲ್ಲ. ಹಾಗೆ ಕಟ್ಟಿದ್ದರೆ ಕುಣಿಕೆ ಸುತ್ತಿ ಬರಲು ದಾರಿಯೇ ಇರುತ್ತಿರಲಿಲ್ಲ. ಸಡಿಲವಾಗಿ ಕೂತೂ ತಿರುಗದಿರುವ ಉಪಾಯ ಇದು. 'ಟಕ್' ಕೇಳದೆ ಹೊಲಿಯಲು ಶುರುಮಾಡಿದರೆ ಮೊದಲ ಹೊಲಿಗೆಗೇ ಕೇಸ್ ಹೊರಕ್ಕೆ ಸರಿದು ಸೂಜಿ ಅದರ ಮೇಲೆ ಬಡಿದು ಮುರಿಯುತ್ತದೆ.

ಬಿಗಿ ಸರಿಯಿದೆಯೇ ಎಂದು ನೋಡಲು ಟೈಲರುಗಳು ಕೇಸನ್ನು ಅದರ ನೂಲಿನಲ್ಲೇ ತೂಗುಬಿಡುತ್ತಾರೆ. ಸುಮ್ಮನೆ ಹಿಡಿದಾಗ ಅದು ಇಳಿಯಬಾರದು. ಕೈಯನ್ನು ಸಣ್ಣಗೆ ಜಾಡಿಸಿದರೆ ಒಂದೆರಡು ಇಂಚು ಇಳಿದು ನಿಲ್ಲಬೇಕು. ನೆಲದವರೆಗೆ ಜಾರಿದರೆ ಸಡಿಲ, ಜಾಡಿಸಿದರೂ ಅಲುಗದಿದ್ದರೆ ಬಿಗಿ. ಸ್ಪ್ರಿಂಗಿನ ಸಣ್ಣ ತಿರುಪನ್ನು ಕಾಲು ಸುತ್ತಿಗಿಂತ ಹೆಚ್ಚು ತಿರುಗಿಸಬೇಡಿ. ಅದು ಕಳಚಿ ಬಿದ್ದರೆ ಹುಡುಕುವುದಕ್ಕೆ ಮನೆಮಂದಿಯೆಲ್ಲ ನೆಲದಲ್ಲಿ ಕೂರಬೇಕಾದೀತು. ತಿರುಪಿಗೆ ಕೈಹಾಕುವ ಮೊದಲು ಸ್ಪ್ರಿಂಗಿನ ಅಡಿಯಲ್ಲಿ ದಪ್ಪ ಕಾಗದದ ಅಂಚನ್ನು ಒಮ್ಮೆ ಎಳೆದು ನೋಡಿ. ಅಲ್ಲಿ ಕೂತ ಧೂಳು ಹೊರಬಂದರೆ ತಿರುಪಿನ ಅಗತ್ಯವೇ ಬೀಳದಿರಬಹುದು.

ಕೊನೆಗೆ ಕೆಳನೂಲನ್ನು ಮೇಲಕ್ಕೆ ತರಬೇಕು. ಮೇಲುನೂಲಿನ ತುದಿಯನ್ನು ಎಡಗೈಯಲ್ಲಿ ಹಿಡಿದು, ಗಾಲಿಯನ್ನು ನಮ್ಮ ಕಡೆಗೆ ಒಂದು ಸುತ್ತು ತಿರುಗಿಸಿದರೆ ಸೂಜಿ ಇಳಿದು ಕೆಳನೂಲಿನ ಕುಣಿಕೆಯನ್ನು ಎತ್ತಿ ತರುತ್ತದೆ. ಎರಡೂ ತುದಿಗಳನ್ನು ಬಟ್ಟೆ ಒತ್ತಿಹಿಡಿಯುವ ಫುಟ್ಟಿನ ಅಡಿಯಿಂದ ಹಿಂದಕ್ಕೆ ಹಾಕಿ, ಮೊದಲ ಮೂರು ನಾಲ್ಕು ಹೊಲಿಗೆ ಮುಗಿಯುವವರೆಗೆ ಬೆರಳಲ್ಲಿ ಹಿಡಿದಿರಬೇಕು.

ಇಷ್ಟೆಲ್ಲ ಸರಿಮಾಡಿದರೂ ಬಟ್ಟೆಯ ಅಡಿಯಲ್ಲಿ ನೂಲು ಹಕ್ಕಿಗೂಡು ಕಟ್ಟಿತೆನ್ನಿ. ಎಲ್ಲರ ಕೈ ಮೊದಲು ಹೋಗುವುದು ಬಾಬಿನ್ ಕಡೆಗೆ. ಗೂಡು ಕೆಳಗಿದೆ, ಕೆಳಗಿನದ್ದೇ ದೋಷ ಎಂಬ ನ್ಯಾಯ. ನಿಜ ಇದಕ್ಕೆ ತಿರುಗುಮುರುಗು. ಅಡಿಯಲ್ಲಿ ಜೋತಾಡುವುದು ಮೇಲುನೂಲು. ಕೊಕ್ಕೆ ಎಳೆದುಕೊಂಡ ಉದ್ದವಾದ ಕುಣಿಕೆಯನ್ನು ಹಿಂದಕ್ಕೆ ಬಿಗಿಯುವ ಶಕ್ತಿ ಮೇಲೆ ಇಲ್ಲದ್ದರಿಂದ ಅದು ಅಲ್ಲೇ ಉಳಿದಿದೆ. ಫುಟ್ ಕೆಳಗಿಟ್ಟುಕೊಂಡೇ ನೂಲು ಪೋಣಿಸಿದ್ದರೆ ಹೀಗಾಗುತ್ತದೆ, ಏಕೆಂದರೆ ಆಗ ಮೇಲಿನ ಟೆನ್ಷನ್ ಬಿಲ್ಲೆಗಳು ಮುಚ್ಚಿದ್ದು ನೂಲು ಅವುಗಳ ನಡುವೆ ಇಳಿಯುವುದೇ ಇಲ್ಲ. ಫುಟ್ ಎತ್ತಿ ಮತ್ತೆ ಪೋಣಿಸಿದರೆ ಹತ್ತರಲ್ಲಿ ಎಂಟು ಸಲ ಕಾಯಿಲೆ ವಾಸಿ. ಬಟ್ಟೆಯ ಮೇಲ್ಮುಖದಲ್ಲಿ ಕೆಳನೂಲು ಚುಕ್ಕಿ ಚುಕ್ಕಿಯಾಗಿ ಇಣುಕಿದರೆ ಮಾತ್ರ ಬಾಬಿನ್ ಕೇಸನ್ನು ಅನುಮಾನಿಸಬೇಕು. ಅಥವಾ ಮೇಲಿನ ಬಿಗಿ ಅತಿಯಾಗಿದೆಯೇ ಎಂದು ನೋಡಬೇಕು.

ಬಾಬಿನ್ ಕೊಳ್ಳಲು ಹೋಗುವಾಗ ಹಳೆಯದನ್ನು ಜೊತೆಗೆ ಒಯ್ಯಿರಿ. ಕಾಲು ಮೆಶಿನಿನದ್ದು, ಬಿಳಿ ಮೆಶಿನಿನದ್ದು, ಟೈಲರ್ ಅಂಗಡಿಯ ಅಂಬ್ರೆಲಾ ಮೆಶಿನಿನದ್ದು ನೋಡಲು ಅಣ್ಣತಮ್ಮಂದಿರಂತಿದ್ದರೂ ಎತ್ತರದಲ್ಲಿ, ಬದಿಯ ಉಬ್ಬಿನಲ್ಲಿ ಒಂದು ಮಿಲಿಮೀಟರ್ ಹೆಚ್ಚುಕಡಿಮೆ ಇರುತ್ತದೆ. ಆ ಒಂದು ಮಿಲಿಮೀಟರಿಗೆ ಕೇಸಿನೊಳಗೆ ಜಾಗವಿಲ್ಲ.

ಉದ್ದದ ಹೊಲಿಗೆಗೆ ಕೂರುವ ಮೊದಲು ಬಾಬಿನ್ ತೆಗೆದು ನೋಡುವುದು ಅನುಭವಿಗಳ ರೂಢಿ. ಲೆಕ್ಕ ಕಷ್ಟದ್ದಲ್ಲ. ಒಂದು ಮೀಟರ್ ಹೊಲಿಗೆಗೆ ಕೆಳಗಿನಿಂದ ಸುಮಾರು ಒಂದೂಕಾಲು ಮೀಟರ್ ನೂಲು ಖರ್ಚಾಗುತ್ತದೆ, ದಪ್ಪ ಬಟ್ಟೆಯಾದರೆ ಇನ್ನೂ ಸ್ವಲ್ಪ ಹೆಚ್ಚು. ಎರಡೂವರೆ ಮೀಟರಿನ ಸೀರೆ ಫಾಲ್‌ಗೆ ಎರಡೂ ಅಂಚು ಮೆಶಿನಿನಲ್ಲೇ ಹೊಲಿಯುವುದಾದರೆ ಆರು ಮೀಟರಿಗೂ ಮಿಕ್ಕಿ ಬೇಕು. ಬಾಬಿನ್ ತಳದ ಲೋಹ ನೂಲಿನ ಸಂದಿಯಿಂದ ಕಾಣುತ್ತಿದ್ದರೆ ಅಷ್ಟು ಸಿಗುವುದಿಲ್ಲ. ಹಾಗಿದ್ದೂ ನಡುವೆ ಮುಗಿದುಹೋದರೆ ಗಂಟು ಹಾಕಲು ಹೋಗಬೇಡಿ. ಹೊಸ ಬಾಬಿನ್ ಹಾಕಿ, ನೂಲು ನಿಂತ ಜಾಗಕ್ಕಿಂತ ಒಂದಿಂಚು ಹಿಂದೆ ಸೂಜಿ ಇಳಿಸಿ, ಹಳೆಯ ಹೊಲಿಗೆಯ ಮೇಲೆಯೇ ಓಡಿಸಿಕೊಂಡು ಮುಂದೆ ಹೋಗಿ.